ನೈದಿಲೆಗೆ ಕಾಯುತ್ತಿದ್ದವರು

ಹಕ್ಕಿಗಳನ್ನು ಬೈಯುವವರನ್ನು ನಾನು ನನ್ನ ಬಾಡಿಗೆ ಮನೆಯ ಒಡತಿಗಿಂತ ಮೊದಲು ನೋಡಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಬಾಚಿ ಸಗಣಿ ಮಂಕರಿಯನ್ನು ತಿಪ್ಪೆಗೆ ಸುರಿಯಲು ಹೋದವರು ತೋಟದ ಅಂಚಿನಲ್ಲಿ ನಿಂತು, "ಮಕ್ಳನ್ನ ಕಟ್ಕೊಂಡು ಇಲ್ಲೀಗಂಟ ಬಂದಿದೀಯಲ್ಲ, ಬುದ್ಧಿ ಐತೇನೇ ನಿಂಗೆ? ನಾಯಿ ಓಡಾಡ್ತಾವೆ, ಹೋಗು ಒಳಕ್ಕೆ" ಎಂದು ಗದರುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಮೊದಲ ದಿನ, ಯಾವುದೋ ಬಾಣಂತಿಯನ್ನು ಬೈಯುತ್ತಿದ್ದಾರೆ ಎಂದುಕೊಂಡೆ. ಕಿಟಕಿಯಿಂದ ಇಣುಕಿದರೆ ಮನುಷ್ಯರು ಯಾರೂ ಇಲ್ಲ. ಎದೆ ಬೆಳ್ಳಗಿರುವ ಒಂದು ಹುಂಡುಕೋಳಿ, ಅದರ ಬೆನ್ನ ಹಿಂದೆ ಕಪ್ಪು ಹತ್ತಿಯುಂಡೆಗಳಂಥ ಮರಿಗಳು. ಬೈಸಿಕೊಂಡ ಮೇಲೆ ಅದು ಬಾಲ ಕುಣಿಸುತ್ತ, ಏನೂ ಅವಸರವಿಲ್ಲದೆ, ಜೊಂಡಿನ ಸಂದಿಗೆ ಹೊಕ್ಕಿತು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಆಮೇಲೆ ಎಲ್ಲಿ ನೀರು ನಿಂತ ತಗ್ಗು ಕಂಡರೂ ನನಗೆ ಅವರ ನೆನಪಾಗುತ್ತದೆ. ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಹೊಂಡದಲ್ಲಿ ಒಂದು ಹೂವು ಕಂಡರೆ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಇದು ಅವರಿಂದ ನನಗೆ ಅಂಟಿಕೊಂಡ ಅಭ್ಯಾಸ.

ಶೆಟ್ಟಿಕೆರೆ ಕಡೆಯ ಒಂದು ಹಳ್ಳಿಯ ಬ್ಯಾಂಕ್ ಶಾಖೆಗೆ ನನ್ನನ್ನು ಹಾಕಿದಾಗ ಅಲ್ಲಿ ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಗಿತ್ತು. ಅಕ್ಕನ ಮನೆಯ ಮುಂಭಾಗದಲ್ಲಿ ಒಂದು ಕೋಣೆ ಖಾಲಿ ಇತ್ತು. ಅವರ ಯಜಮಾನರು ಕೊಡೋಣವೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದಾಗ, ಅಕ್ಕ ಒಳಗಿನಿಂದ ಬಂದು ನನ್ನ ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ಕೋಣೆಗಿಟ್ಟು, "ಬೆಳಕು ಬತ್ತದೆ ಕಣ್ರೀ, ಗಾಳೀನೂ ಬತ್ತದೆ. ರಾತ್ರಿ ಕಪ್ಪೆ ಕೂಗ್ತವೆ, ಅದಕ್ಕೆ ಬೇಜಾರು ಮಾಡ್ಕೋಬಾರ್ದು ಅಷ್ಟೆ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಮನೆಯ ಹಿಂದೆ ತೆಂಗಿನ ತೋಟ. ತೋಟದ ಆಚೆ ತುದಿಗೆ ಕೆರೆಯ ಏರಿ. ಏರಿಯ ತಳದಿಂದ ವರ್ಷದ ಬಹುಭಾಗ ನೀರು ಜಿನುಗುತ್ತಿದ್ದುದರಿಂದ ತೋಟದ ಆ ಮೂಲೆ ಜೌಗಾಗಿಯೇ ಉಳಿದಿತ್ತು. ಅಲ್ಲಿದ್ದ ಒಂದಷ್ಟು ಮರಗಳು ಬೇರು ನೆಂದು ಗರಿ ಹಳದಿಯಾಗಿ ಸೊರಗಿದ್ದವು. ಜೌಗಿನ ನಡುವೆ, ಹಿಂದೆ ಯಾವಾಗಲೋ ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿ ಇತ್ತು. ಅಂಚಿನಲ್ಲಿ ನೀರು ಮೊಣಕಾಲುದ್ದ, ನಡುವೆ ಆಳ. ತೋಟದ ಬೇರೆ ಕಡೆಯೆಲ್ಲ ಉತ್ತು ಬೋಳಾದ ನೆಲ. ಈ ಮೂಲೆಯಲ್ಲಿ ಮಾತ್ರ ಜೊಂಡು, ಒಂದೆಲಗ, ಹೊನಗೊನೆ, ಮಳೆಗಾಲ ಮುಗಿಯುವಾಗ ಅಂಚಿನ ತುಂಬ ಸಾಸಿವೆ ಚೆಲ್ಲಿದಂತೆ ಹಳದಿ ಹೂಗಳು. ಜೊಂಡಿನ ತುದಿಯಲ್ಲಿ ಮಿಂಚುಳ್ಳಿ, ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು. ನಡುವಿನ ನೀರಿನಲ್ಲಿ ತಿಳಿನೀಲಿಯ ನೈದಿಲೆ.

ಅಕ್ಕ ಎತ್ತರದ ಹೆಂಗಸು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೊಡ್ಡ ಹೆಜ್ಜೆ ಹಾಕಿ ನಡೆಯುವವರು. ಯಾರ ಮನೆಗೂ ಹೋಗಿ ಕೂರುವವರಲ್ಲ. ಮದುವೆ, ಗೃಹಪ್ರವೇಶಕ್ಕೆ ಹೋದರೂ ಉಡುಗೊರೆ ಕೊಟ್ಟು, ನಿಂತಲ್ಲೇ ನೀರು ಕುಡಿದು ಬಂದುಬಿಡುತ್ತಿದ್ದರು. ಅವರ ಮಾತುಕತೆಯೆಲ್ಲ ಜೌಗಿನ ಜೊತೆ. ಅಲ್ಲಿ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಒಂದು ಬೂದುಗಂದು ಬಕ ಇತ್ತು. ನಾನು ಬ್ಯಾಂಕಿನವಳೆಂದು ತಿಳಿದ ಮೇಲೆ ಅದಕ್ಕೆ ಮ್ಯಾನೇಜರು ಎಂದು ಹೆಸರಿಟ್ಟರು. ನಾನು ಸಂಜೆ ಬಂದ ಕೂಡಲೇ, "ಇವತ್ತು ನಿಮ್ಮ ಮ್ಯಾನೇಜರು ಮಧ್ಯಾಹ್ನದಗಂಟ ನಿಂತಿದ್ದು ಒಂದ್ ಮೀನು ಸ್ಯಾಂಕ್ಷನ್ ಮಾಡ್ದ ಕಣ್ರೀ" ಎಂದು ವರದಿ ಕೊಡುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ. ನಾನು ನಕ್ಕ ಮೇಲೆ, ಸ್ವಲ್ಪ ತಡವಾಗಿ, ತುಟಿಯ ಒಂದು ಬದಿಯಲ್ಲಿ ನಗುತ್ತಿದ್ದರು.

ಕೇರೆಹಾವು ಕಂಡರೆ ಹೊಡೆಯಲು ಬಂದವರ ಕೈಯಿಂದ ದೊಣ್ಣೆ ಕಸಿದುಕೊಳ್ಳುತ್ತಿದ್ದರು. ಜೌಗಿನಿಂದ ಹೊನಗೊನೆ ಸೊಪ್ಪು ಕಿತ್ತು ತಂದು ಸಾರು ಮಾಡಿ ನನಗೊಂದು ಬಟ್ಟಲು ಕೊಡುತ್ತಿದ್ದರು. ಒಂದೆಲಗದ ಚಟ್ನಿ ಅರೆದರೆ ಅದೂ ಬರುತ್ತಿತ್ತು. "ದಿನಾ ಪೂರ್ತಿ ಜನರ ಹತ್ರ ಬಡ್ಕೋತೀರಿ, ತಲೆ ಒಂಚೂರು ತಂಪಾಗ್ಲಿ ಬುಡಿ" ಎನ್ನುವರು. ಆದರೆ ಅಷ್ಟೆಲ್ಲ ಸೊಪ್ಪು ಕಿತ್ತರೂ ನೈದಿಲೆಯನ್ನು ಅವರು ಒಮ್ಮೆಯೂ ಕಿತ್ತದ್ದನ್ನು ನಾನು ಕಾಣಲಿಲ್ಲ.

ಅದು ಗಮನಕ್ಕೆ ಬಂದದ್ದು ನಾನು ಆ ಊರಿಗೆ ಹೋದ ಮೊದಲ ವರ್ಷದ ಗೌರಿ ಹಬ್ಬದಲ್ಲಿ. ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೊಂದು ಹೂವಿರಲಿ ಎಂದು ಜೌಗಿನ ಅಂಚಿಗೆ ಹೋಗಿ, ಹತ್ತಿರದಲ್ಲೇ ಅರಳುತ್ತಿದ್ದ ನೈದಿಲೆಗೆ ಬಗ್ಗಿ ಕೈ ಚಾಚಿದೆ. ಹಿಂದಿನಿಂದ, "ತೆಗೀರಿ ಕೈನ! ಬನ್ರೀ ಈಚೆಗೆ!" ಎಂದು ಯಾರೋ ಚೀರಿದಂತಾಯಿತು. ಅದು ಅಕ್ಕನ ದನಿ ಎಂದು ನನಗೆ ಗುರುತೇ ಸಿಗಲಿಲ್ಲ. ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದರು. ಇಬ್ಬರೂ ಮನೆಗೆ ಬಂದೆವು. ಸ್ವಲ್ಪ ಹೊತ್ತಿಗೆ ಒಂದು ಮಾರು ಕನಕಾಂಬರ ತಂದು ನನ್ನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋದರು.

ವಿಷಯ ಹೇಳಿದವರು ಅವರ ಯಜಮಾನರು. ಅಂದು ಸಂಜೆ ಅವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ತಲೆ ಎತ್ತದೆ ಹೇಳಿದರು:

"ಬೇಜಾರು ಮಾಡ್ಕೋಬ್ಯಾಡಿ. ನಮ್ಮ ಹುಡುಗಿ ಅದ್ರಲ್ಲೇ ಹೋಗಿದ್ದು."

ಅವರಿಗೆ ಒಬ್ಬಳೇ ಮಗಳು. ತಿಪಟೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳಂತೆ. ನಾನಿದ್ದ ಕೋಣೆ ಅವಳದು. ಪರೀಕ್ಷೆ ಹತ್ತಿರವಿತ್ತು, ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಕರೆದರೆ ಹುಡುಗಿ ಮನೆಯಲ್ಲಿಲ್ಲ. ಜೌಗಿನ ಅಂಚಿನಲ್ಲಿ ಚಪ್ಪಲಿ ಇದ್ದವು. ನೀರಿಗಿಳಿದು ಎತ್ತಿಕೊಂಡು ಬಂದವರು ತಂದೆಯೇ.

"ಇವ್ಳು, ಮಗಳು ಹೂವಿಗೆ ಹೋಗಿ ಜಾರಿದ್ಲು ಅಂತಾಳೆ. ಮುಂಚೆ ಕೀಳ್ತಿದ್ಲು, ಇಲ್ಲ ಅನ್ನಲ್ಲ. ಕಾಲೇಜಿಗೆ ತಗೊಂಡೋಗೋಳು. ಆದ್ರೆ ಶಿವರಾತ್ರಿ ಹೊತ್ನಲ್ಲಿ ಎಲ್ಲಿ ಹೂವು? ಊರೋರು ಅದನ್ನೇ ಅಂದ್ರು. ಹೂವಿಲ್ದ ಗುಂಡಿಗೆ ಹೂವಿಗೆ ಯಾರಾದ್ರೂ ಹೋಗ್ತಾರಾ ಅಂತ." ಕಾಯೊಂದನ್ನು ಸುಲಿಯುವ ಕಬ್ಬಿಣಕ್ಕೆ ಬಲವಾಗಿ ಕುಕ್ಕಿದರು. "ಹಿಂದಿನ ದಿನ ನಾನೇ ಅಂದಿದ್ದೆ. ಓದಿದ್ದು ಸಾಕು, ಪರೀಕ್ಷೆ ಮುಗೀಲಿ, ಗಂಡು ನೋಡ್ತೀನಿ ಅಂತ. ಊಟ ಬುಟ್ಟು ಎದ್ದೋದ್ಲು. ಹೂವಿಗೆ ಹೋದ್ಲು ಅಂದ್ಬುಟ್ರೆ ನಾನು ತಪ್ಪಿಸ್ಕೊಂಡಂಗಾಗಲ್ವಾ?"

ಒಳಗೆ ಅಕ್ಕ ಒಲೆ ಊದುತ್ತಿದ್ದರು. ಅವರಿಗೆ ಕೇಳಿಸಿತ್ತೋ ಇಲ್ಲವೋ.

ಆಮೇಲೆ ಆ ಮನೆಯೊಳಗೆ ನಡೆಯುವುದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಯಜಮಾನರು ಜೌಗಿನ ಕಡೆ ಮುಖ ಹಾಕಿ ಕೂರುತ್ತಿರಲಿಲ್ಲ. ತೋಟಕ್ಕೆ ಹೋದರೆ ಸುತ್ತು ಬಳಸಿ ಇನ್ನೊಂದು ಬದಿಯಿಂದ ಹೋಗುತ್ತಿದ್ದರು. ಗುಂಡಿಯನ್ನು ಮುಚ್ಚಿಸಿ, ಮೇಲೆ ಮಣ್ಣು ಏರಿಸಿ, ಸಸಿ ಹಾಕಿಬಿಡಬೇಕೆಂಬುದು ಅವರ ಆಸೆ. ಬೇಸಿಗೆ ಬಂದಾಗಲೆಲ್ಲ ಆ ಮಾತು ಏಳುತ್ತಿತ್ತು. ಅಕ್ಕ ಜಗಳವಾಡುತ್ತಿರಲಿಲ್ಲ, ಒಪ್ಪುತ್ತಲೂ ಇರಲಿಲ್ಲ. ಒಂದು ಸಲ ಯಜಮಾನರು ಹೇಳದೆ ಕೇಳದೆ ಮಣ್ಣು ತುಂಬಿದ ಟ್ರ್ಯಾಕ್ಟರ್ ತರಿಸಿಬಿಟ್ಟರು. ಅಕ್ಕ ಡ್ರೈವರನನ್ನು ಇಳಿಸಿ, ಜಗಲಿಯಲ್ಲಿ ಕೂರಿಸಿ, ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿ, ಕಾಫಿ ಕೊಟ್ಟು, "ನಿನ್ ಮಕ್ಳು ಚೆನ್ನಾಗಿರ್ಲಿ, ಆ ಮಣ್ಣನ್ನ ಬೇರೆ ಯಾರಿಗಾದ್ರೂ ಹಾಕಪ್ಪ" ಎಂದರು. ಆ ಹುಡುಗ ಯಜಮಾನರ ಮುಖ ನೋಡಿದ. ಅವರು ಹೆಗಲ ಟವೆಲ್ಲು ಕೊಡವಿಕೊಂಡು ಒಳಗೆ ಹೋದರು. ಟ್ರ್ಯಾಕ್ಟರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಆ ಮನೆಯಲ್ಲಿ ನಾನು ಕಂಡ ಮೊದಲ ಮಾಘ ಮಾಸ ನೆನಪಿದೆ. ಆ ವರ್ಷ ಕೆರೆಯಲ್ಲಿ ನೀರಿರಲಿಲ್ಲ. ಏರಿಯಿಂದ ಜಿನುಗುವುದೂ ನಿಂತು, ಜೌಗು ದಿನದಿನಕ್ಕೆ ಒಳಕ್ಕೆ ಸರಿಯುತ್ತ ಹೋಯಿತು. ಅಂಚಿನ ಕೆಸರು ಬಿರುಕು ಬಿಟ್ಟಿತು. ನೈದಿಲೆಯ ಎಲೆಗಳು ಕೆಸರಿಗೆ ಅಂಟಿಕೊಂಡು ಒಣಗಿ ಹಪ್ಪಳದಂತಾದವು. ಹುಂಡುಕೋಳಿಯೂ ಬಕವೂ ಎಲ್ಲಿಗೋ ಹೊರಟುಹೋದವು. ಅಕ್ಕ ಮಾತ್ರ ಬೆಳಗಾದರೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಬಿಸಿಲು ಏರುವವರೆಗೂ ನಿಂತು, ಬಂದು ಕೆಲಸ ಹಿಡಿಯುತ್ತಿದ್ದರು. ಶಿವರಾತ್ರಿಯ ದಿನ ಎಲ್ಲರಂತೆ ಉಪವಾಸವಿದ್ದರು. ಮಾರನೆಯ ದಿನ ಎಲ್ಲರೂ ಉಂಡರೂ ಅವರು ಉಣ್ಣಲಿಲ್ಲ. ನಾನು ಒಂದು ಲೋಟ ಹಾಲು ಹಿಡಿದು ಹೋದರೆ, "ಈ ವರ್ಷಾನೂ ಬಿಡ್ಲಿಲ್ಲ ಕಣ್ರೀ" ಎಂದರು. ಆ ಹುಡುಗಿ ಹೋದ ಮೇಲೆ ಪ್ರತಿವರ್ಷವೂ ಅದೇ ಹೊತ್ತಿಗೆ ಅವರು ನೈದಿಲೆಗೆ ಕಾಯುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. ಆ ದಿನಗಳಲ್ಲಿ ಒಂದೇ ಒಂದು ಹೂವು ಬಿಟ್ಟದ್ದನ್ನು ಕಂಡರೆ ಸಾಕು, ಅಂದೂ ಬಿಟ್ಟಿರಬಹುದು ಎನ್ನಲು ಅವರಿಗೊಂದು ಆಧಾರ.

ಮರುವರ್ಷ ಹೇಮಾವತಿ ನಾಲೆಯಿಂದ ಕೆರೆಗೆ ನೀರು ಬಿಟ್ಟರು. ಕೆರೆ ತುಂಬಿತು. ಏರಿಯ ತಳವೆಲ್ಲ ಬೆವರಿದಂತೆ ಒದ್ದೆಯಾಗಿ, ಜೌಗು ಮತ್ತೆ ಜೀವ ಹಿಡಿಯಿತು. ಸುಗ್ಗಿ ಕಳೆದರೂ ಜೊಂಡು ಹಸಿರಾಗಿತ್ತು. ಹುಂಡುಕೋಳಿ ಮರಳಿತು, ಮ್ಯಾನೇಜರೂ ಕೆಲಸಕ್ಕೆ ಹಾಜರಾದ. ಅಕ್ಕನ ಬೈಗುಳ ಮತ್ತೆ ನನ್ನ ಕೋಣೆಗೆ ಕೇಳಿಸತೊಡಗಿತು.

ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿರುವಾಗ, ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅಕ್ಕ ಬ್ಯಾಂಕಿಗೆ ಬಂದರು. ಕಾಲೆಲ್ಲ ಮೊಣಕಾಲವರೆಗೆ ಕೆಸರು, ಸೀರೆ ಅಂಚು ಒದ್ದೆ. ಜನರನ್ನು ಸರಿಸಿಕೊಂಡು ಕೌಂಟರಿನ ಗಾಜಿಗೆ ಮುಖವಿಟ್ಟು, "ಒಂದ್ಗಳಿಗೆ ಬನ್ರೀ. ಮುಚ್ಕೊಳ್ಳಕ್ಕೆ ಮುಂಚೆ ಬನ್ರೀ" ಎಂದರು. ನಾನು ಪಕ್ಕದವರಿಗೆ ಕೌಂಟರ್ ಒಪ್ಪಿಸಿ ಹೊರಟೆ. ದಾರಿಯುದ್ದಕ್ಕೂ ಅವರು ಓಡುವಂತೆ ನಡೆದರು.

ಗುಂಡಿಯ ನಡುವೆ, ಎಲೆಗಳ ಮೇಲೆ ಕತ್ತು ಎತ್ತಿ, ಒಂದು ನೈದಿಲೆ ಅರಳಿತ್ತು. ದೊಡ್ಡದೇನಲ್ಲ. ಬಣ್ಣವೂ ತೆಳು, ಸೀರೆಗೆ ಹಾಕಿದ ನೀಲಿ ತೊಳೆದುಹೋದ ಹಾಗೆ. ಅದರೊಳಗೆ ಒಂದು ಜೇನುಹುಳ ಹೊರಳಾಡುತ್ತಿತ್ತು.

"ಕಾಣ್ತಾ?"

"ಕಾಣ್ತು ಅಕ್ಕ."

"ನನ್ ಕಣ್ಣಿಗೆ ಮಾತ್ರ ಕಾಣ್ತಿರೋದಲ್ವಲ್ಲ?"

"ಅಲ್ಲ ಅಕ್ಕ. ನಂಗೂ ಕಾಣ್ತಿದೆ."

ಅವರು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಆಮೇಲೆ ಧಡಕ್ಕನೆ ಎದ್ದು ಮನೆ ಕಡೆ ನಡೆದರು. ಯಜಮಾನರು ಅಂಗಳದಲ್ಲಿ ಕೊಬ್ಬರಿ ಗಿಟುಕನ್ನು ಚೀಲಕ್ಕೆ ತುಂಬುತ್ತಿದ್ದರು.

"ಬನ್ನಿ, ಬಿಟ್ಟೈತೆ" ಎಂದರು ಅಕ್ಕ.

"ಏನು?"

"ಏನು ಅಂತ ನಿಮಗೆ ಗೊತ್ತು. ಬನ್ನಿ, ಒಂದ್ಸಲ ನೋಡಿ."

ಯಜಮಾನರು ಚೀಲದ ಬಾಯಿ ಬಿಗಿದು ಕಟ್ಟಿದರು. ಕಟ್ಟಿದ ಮೇಲೂ ದಾರವನ್ನು ಸುತ್ತುತ್ತಲೇ ಇದ್ದರು. "ಲಾರಿ ಬತ್ತದೆ ಕಣೇ. ಕೆಲ್ಸ ಐತೆ" ಎಂದರು.

ಅಕ್ಕ ಒಬ್ಬರೇ ಹಿಂದಿರುಗಿ ಹೋಗಿ ಜೌಗಿನ ಅಂಚಿನಲ್ಲಿ ನಿಂತರು. ನಾನು ಬ್ಯಾಂಕಿಗೆ ಹೋಗಿ, ಸಂಜೆ ಬಂದಾಗಲೂ ಅಲ್ಲೇ ಇದ್ದರು. ಹೂವು ಯಾವಾಗಲೋ ಮುಚ್ಚಿಕೊಂಡಿತ್ತು. ಅದೊಂದು ಸಾರಿ ಬಂದು ನೋಡಬಾರದಿತ್ತೇ ಎಂದು ಯಜಮಾನರ ಮೇಲೆ ನನಗೆ ಬಹಳ ಕೋಪ ಬಂದಿತ್ತು. ಯಜಮಾನರು ಆ ರಾತ್ರಿ ಊಟ ಮಾಡದೆ ಮಲಗಿದರೆಂದು ಮಾರನೆಯ ದಿನ ತಿಳಿಯಿತು.

ಮುಂದೆ ನನಗೆ ತುಮಕೂರಿಗೆ ವರ್ಗವಾಯಿತು. ಹೊರಡುವ ದಿನ ಅಕ್ಕ ಒಂದು ಚೀಲ ಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದೆಲಗದ ಬಳ್ಳಿ ಕೊಟ್ಟರು. ಬಳ್ಳಿಯನ್ನು ಬಾಲ್ಕನಿಯ ಬಕೆಟ್ಟಿನಲ್ಲಿ ನೆಟ್ಟೆ, ಹಿಡಿಯಿತು. ಫೋನಿನಲ್ಲಿ ಮಾತು ಕಡಿಮೆ. ಅವರಿಗೆ ಫೋನು ಹಿಡಿದರೆ ಜಗಳಕ್ಕೆ ನಿಂತವರ ಹಾಗೆ ಗಂಟಲು ಏರುತ್ತಿತ್ತು. "ಚೆನ್ನಾಗಿದೀರಾ? ನಾವೂ ಚೆನ್ನಾಗಿದೀವಿ. ಇಡ್ಲಾ?" ಅಷ್ಟೇ.

ಹೋದ ವರ್ಷ ಆಷಾಢದಲ್ಲಿ ಯಜಮಾನರು ಫೋನು ಮಾಡಿದರು. ಅಕ್ಕನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದರು. ಹೊಟ್ಟೆಯಲ್ಲಿ ಗೆಡ್ಡೆ. ಡಾಕ್ಟರು ಕೊಯ್ಯುವ ಹಂತ ದಾಟಿದೆ ಎಂದಿದ್ದರು. ನಾನು ಮನೆಯಿಂದ ಮೆತ್ತಗಿನ ಅನ್ನ, ತಿಳಿಸಾರು ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ಒಂದು ತುತ್ತು ತಿಂದು, "ಆಮೇಲೆ ತಿಂತೀನಿ ಬುಡಿ" ಎಂದು ಡಬ್ಬಿಯನ್ನು ಸರಿಸಿಬಿಡುತ್ತಿದ್ದರು. ಆ ಎತ್ತರದ ಹೆಂಗಸು ಮಂಚದಲ್ಲಿ ಅರ್ಧವಾಗಿದ್ದರು. ಕಿಟಕಿಯ ಹೊರಗೆ ಎದುರು ಕಟ್ಟಡದ ಗೋಡೆ, ನೀರಿನ ಟ್ಯಾಂಕು. ಒಂದು ಪಾರಿವಾಳ ಬಂದು ಕೂತರೆ ಅದನ್ನೇ ನೋಡುತ್ತಿದ್ದರು, ಆದರೆ ಬೈಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಜಮಾನರು ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ಕೆಳಗೆ ಹೋಗಿದ್ದರು. ಅಕ್ಕ ನನ್ನ ಕೈ ಹಿಡಿದುಕೊಂಡು ಕೇಳಿದರು. ಆಸ್ಪತ್ರೆಗೆ ಬಂದ ಮೇಲೆ ನನ್ನನ್ನು "ರೀ" ಎನ್ನುವುದನ್ನು ಬಿಟ್ಟಿದ್ದರು.

"ನಾನು ಹೂವಿಗೆ ಕಾಯ್ತಿದ್ನಲ್ಲ, ಊರೋರ ಬಾಯಿ ಮುಚ್ಸಕ್ಕೆ ಅನ್ಕೊಂಡಿದ್ಯಾ?"

"ಹಾಗೇ ಅನ್ಕೊಂಡಿದ್ದೆ ಅಕ್ಕ."

"ಊರೋರು ನಾಕ್ ದಿನ ಆಡಿ ಮರ್ತ್ರು ಕಣಮ್ಮ. ಮರೀದೇ ಇರೋರು ಇವ್ರೊಬ್ರೆ. ತಾನು ಅಂದ ಮಾತಿಗೇ ಮಗಳು ಹೋದ್ಲು ಅಂತ ಎದೆಗೆ ಕಟ್ಕೊಂಡ್ಬುಟ್ಟವ್ರೆ. ನಾನು ಬಾಯಲ್ಲಿ ಹೇಳಿದ್ರೆ ನಂಬ್ತಾರಾ? ಕಣ್ಣಾರೆ ಒಂದ್ಸಲ ನೋಡ್ಲಿ, ಆ ದಿನದಲ್ಲೂ ಹೂವು ಬಿಡುತ್ತೆ ಅಂತ ಗೊತ್ತಾಗ್ಲಿ ಅಂತಿದ್ದೆ. ಬಿಟ್ಟ ವರ್ಷ ಅವ್ರು ಬರ್ಲಿಲ್ಲ."

ಕೇಳಬಾರದೆಂದು ಅನ್ನಿಸಿದರೂ ಕೇಳಿದೆ. "ನಿಮಗೇನು ಅನ್ಸುತ್ತೆ ಅಕ್ಕ?"

"ನಂಗೊತ್ತಿಲ್ಲ. ಕೆಲವು ದಿನ ಹೂವಿಗೇ ಹೋದ್ಲು ಅನ್ಸುತ್ತೆ. ಕೆಲವು ದಿನ ಹಂಗನ್ಸಲ್ಲ." ಉಸಿರು ಎಳೆದುಕೊಂಡರು. "ಅದಕ್ಕೇ ಗುಂಡಿ ಮುಚ್ಸಕ್ಕೆ ಬಿಡ್ಲಿಲ್ಲ. ಮುಚ್ಬುಟ್ರೆ ಅವ್ರು ಅನ್ಕೊಂಡಿದ್ದೇ ಕೊನೆ ಮಾತಾಗ್ಬುಡುತ್ತೆ."

ಬಾಗಿಲಲ್ಲಿ ಯಜಮಾನರು ಫ್ಲಾಸ್ಕ್ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಒಳಗೆ ಬಂದು, ಫ್ಲಾಸ್ಕನ್ನು ಕಿಟಕಿಯ ಮೇಲಿಟ್ಟು, ಮಂಚದ ತುದಿಯಲ್ಲಿ ಕೂತರು. ಹೆಂಡತಿಯ ಪಾದವನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡರು.

"ಹೂವಿಗೇ ಹೋಗಿದ್ಲು ಕಣೇ" ಎಂದರು.

ಅಕ್ಕ ಕತ್ತು ತಿರುಗಿಸಿ ಅವರ ಮುಖ ನೋಡಿದರು. ಅಂಥ ನೋಟವನ್ನು ಎದುರಿಸುವುದು ಸುಲಭವಲ್ಲ. ಯಜಮಾನರು ಕಣ್ಣು ತಗ್ಗಿಸಲಿಲ್ಲ.

"ನೀವು ಹೇಳ್ತಿದೀರಾ ಈ ಮಾತ್ನ?"

"ಹ್ಞೂಂ. ನಾನೇ ಹೇಳ್ತಿದೀನಿ. ಹೂವಿಗೇ ಹೋಗಿದ್ಲು. ಕಾಲು ಜಾರ್ತು."

ನಾನು ಎದ್ದು ಹೊರಗೆ ಬಂದೆ. ವಾರ್ಡಿನ ಬಾಗಿಲನ್ನು ಎಳೆದುಕೊಂಡು, ಮೆಟ್ಟಿಲಿಳಿದು, ಆಟೋಗಳ ಗದ್ದಲದ ನಡುವೆ ಎಷ್ಟೋ ಹೊತ್ತು ನಿಂತಿದ್ದೆ.

ಅಕ್ಕನನ್ನು ಆ ವಾರವೇ ಊರಿಗೆ ಕರೆದುಕೊಂಡು ಹೋದರು. ಮಳೆಗಾಲ ಪೂರ್ತಿ ಅವರು ಇದ್ದರು. ಮಂಚವನ್ನು ಹಿತ್ತಿಲ ಬಾಗಿಲಿಗೆ ಎಳೆದು ಹಾಕಿಸಿಕೊಂಡಿದ್ದರಂತೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ತೋಟದ ಎತ್ತರದ ಬದಿಯಲ್ಲಿ, ಮಗಳ ಪಕ್ಕದಲ್ಲೇ, ಮಣ್ಣು ಮಾಡಿ ಮುಗಿದಿತ್ತು.

ತಿಥಿಯ ದಿನ ಮತ್ತೆ ಹೋದೆ. ಊಟ ಮುಗಿದು ನೆಂಟರು ಚದುರಿದ ಮೇಲೆ ಯಜಮಾನರು, "ಬಸ್ಸಿನಗಂಟ ಬತ್ತೀನಿ ನಡೀರಿ" ಎಂದು ಹೊರಟರು. ಸುತ್ತುದಾರಿ ಹಿಡಿಯದೆ ಜೌಗಿನ ಅಂಚಿನಲ್ಲೇ ನಡೆದರು. ನೀರು ತುಂಬಿತ್ತು. ನೈದಿಲೆಗಳು ಆ ಹೊತ್ತಿಗೆ ಮುಚ್ಚಿಕೊಂಡಿದ್ದವು. ಅವರ ತಮ್ಮ ಈ ಬೇಸಿಗೆಯಲ್ಲಿ ಗುಂಡಿಗೆ ಮಣ್ಣು ಹೊಡೆಸು ಅನ್ನುತ್ತಿದ್ದಾನಂತೆ, ಏನು ಮಾಡಲೋ ತಿಳಿಯದು ಎಂದರು.

ಬಸ್ಸು ದೂರದಲ್ಲಿ ಕಾಣಿಸಿದಾಗ ಕೇಳಿದೆ. "ಆವತ್ತು ಆಸ್ಪತ್ರೇಲಿ ಹೇಳಿದ್ರಲ್ಲ, ನಿಮಗೆ ನಿಜವಾಗ್ಲೂ ಹಾಗನ್ಸುತ್ತಾ?"

ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

"ನಂಗೆ ಅನ್ಸಾದು ಬುಡಿ, ಅದು ನನ್ ಜೊತೆ ಹೋಯ್ತದೆ. ಆವತ್ತು ನೀವು ಆಚೆ ಹೋದ್ಮೇಲೆ ಇವ್ಳು ನೀವೇ ತಂದಿದ್ ಡಬ್ಬೀನ ಈಸ್ಕೊಂಡ್ಲು. ಅನ್ನ ಪೂರ್ತಿ ಉಂಡ್ಲು ಕಣಮ್ಮ. ಇನ್ನೊಂಚೂರು ಸಾರು ಹಾಕಿ ಅಂದ್ಲು."